ಒಳಗೆ ಬಿಟ್ಟ ಬಟ್ಟೆ

ಹುಡುಗಿಯ ಹೆಸರು ಇಂಚರ,
ಅಳೆಯುವುದು ಮಾತ್ರ ಸೆಂಟಿಮೀಟರಿನಲ್ಲಿ.
ಕಬ್ಬನ್‌ಪೇಟೆಯ ನನ್ನ ಅಂಗಡಿ ಮೆಟ್ಟಿಲ ಮೇಲೆ
ಐಸ್ ಡಬ್ಬಿ ಇಟ್ಟುಕೊಂಡು ಮೂರು ದಿನದಿಂದ ಕೂತಿದ್ದಾಳೆ.
ನೇಕಾರರ ಮನೆಗಳಿಂದ ಜನ ಬರುತ್ತಾರೆ,
ತೋಳು ಚಾಚುತ್ತಾರೆ, ಎರಡು ಚಮಚ ರಕ್ತ ಕೊಟ್ಟು
ಬಿಸ್ಕತ್ತು ತಿಂದು ಹೋಗುತ್ತಾರೆ.

"ಏನು ಹುಡುಕ್ತೀಯಮ್ಮ ಇದರಲ್ಲಿ?"
"ಒಂದು ಅಕ್ಷರ ಸಾರ್. ಕೆಲವರಲ್ಲಿ ಟಿ ಇರೋ ಕಡೆ
ಕೆಲವರಲ್ಲಿ ಎ ಇರುತ್ತೆ.
ಎ ಇದ್ದವರಿಗೆ ಹಸಿವು ತಣಿಯೋದು ತಡ,
ಮೈ ಬರೋ ಸಂಭವ ಸ್ವಲ್ಪ ಜಾಸ್ತಿ.
ಸ್ವಲ್ಪವೇ."
ಎರಡು ಬೆರಳ ನಡುವೆ ಅವಳು ತೋರಿಸಿದ ಸಂದು
ಕಾಲಿಂಚು. ನನ್ನ ಕಣ್ಣು ತಪ್ಪುವುದಿಲ್ಲ.

ನನ್ನ ಸೊಂಟಕ್ಕೂ ಟೇಪು ಸುತ್ತಿದಳು. ತೊಂಬತ್ತೆರಡು.
ಇಲ್ಲಿಯ ಗಂಡಸಿಗೆ ಗೆರೆ ತೊಂಬತ್ತಕ್ಕಂತೆ,
ಯೂರೋಪಿನವನಿಗೆ ತೊಂಬತ್ನಾಲ್ಕು.
ಅಂದರೆ ಅಲ್ಲಿ ನಾನು ಗಟ್ಟಿಮುಟ್ಟು,
ಅವೆನ್ಯೂ ರಸ್ತೆಗೆ ಬಂದರೆ ಅಪಾಯ.
ನಕ್ಕೆ. ಹೊಟ್ಟೆ ಕುಣಿಯಿತು. ಅದನ್ನೂ ನೋಡಿದಳು.

ನನ್ನ ಹತ್ತಿರವೂ ಇದೆ ಒಂದು ಪುಸ್ತಕ,
ಅಪ್ಪ ಶುರು ಮಾಡಿದ್ದು. ಕೆಂಪು ರಟ್ಟು, ಜಿರಲೆ ತಿಂದ ಅಂಚು.
ಚೌಡಮ್ಮ, ಇಪ್ಪತ್ತಾರು.
ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಹಗಲೆಲ್ಲ ತುಳಿದವಳು.
ಅವಳ ಮಗಳು ಪಾರ್ವತಮ್ಮ, ಮೂವತ್ತು.
ಆಗ ಕರೆಂಟಿನ ಮಗ್ಗ ಬಂದಿತ್ತು.
ಮೊಮ್ಮಗಳು ಸುಗುಣ, ಮೂವತ್ತೇಳು,
ಪಕ್ಕದಲ್ಲಿ ಪೆನ್ಸಿಲಿನಲ್ಲಿ ಮೂವತ್ತೆಂಟೂವರೆ,
ಅದರ ಪಕ್ಕ ಇನ್ನೊಂದು. ಯಾವುದೂ ಇನ್ನೂ ಶಾಯಿಯಾಗಿಲ್ಲ.

ಪೇಟೆಯೆಲ್ಲ ಹೇಳುತ್ತದೆ ಸುಗುಣಳಿಗೆ, ಬಾಯಿ ಕಟ್ಟು ಎಂದು.
ಅವಳು ಕಟ್ಟಿದ್ದನ್ನು ನಾನು ನೋಡಿದ್ದೇನೆ:
ಬೆಳಗಿನ ಐದೂವರೆಗೆ ಕಬ್ಬನ್ ಪಾರ್ಕು, ಮೂರು ಸುತ್ತು,
ಮದುವೆ ಪಂಕ್ತಿಯಲ್ಲಿ ಹೋಳಿಗೆ ಮುರಿಯದೆ
ಮಗನ ಎಲೆಗೆ ದಾಟಿಸಿದ್ದು.
ಅವಳ ತಮ್ಮ ಲೋಕನಾಥ ದಿನಾ ಎರಡು ಬೆಣ್ಣೆ ದೋಸೆ ಬಾರಿಸುತ್ತಾನೆ,
ಬೆಲ್ಟಿಗೆ ಇನ್ನೊಂದು ತೂತು ಹೊಡೆಸಲು ಬರುತ್ತಾನೆ,
ಒಳಗಡೆಗೆ.

"ಹಾಗಾದರೆ ಅವಳಿಗೆ ಎ, ಅವನಿಗೆ ಟಿ?"
"ಹಾಗೆ ಹೇಳಕ್ಕಾಗಲ್ಲ ಸಾರ್. ಇಂಥ ಅಕ್ಷರ ನೂರಾರು.
ಒಬ್ಬೊಬ್ಬರ ಬಗ್ಗೆ ಹೇಳಲ್ಲ, ಸಮುದಾಯದ ಬಗ್ಗೆ ಮಾತ್ರ."

ಸಮುದಾಯಕ್ಕೆ ನಾನು ಒಮ್ಮೆ ಹೊಲಿದಿದ್ದೇನೆ,
ಇನ್ನೂರು ಶಾಲೆ ಯೂನಿಫಾರ್ಮು, ಮೂರೇ ಅಳತೆ.
ಒಂದೂ ಯಾರ ಮೈಗೂ ಕೂರಲಿಲ್ಲ.

ಆದರೂ ರಾತ್ರಿ ಮಷೀನಿಗೆ ಎಣ್ಣೆ ಬಿಡುವಾಗ ಹೊಳೆಯಿತು.
ರವಿಕೆಯ ಪಕ್ಕದ ಹೊಲಿಗೆಯೊಳಗೆ
ನಾವು ಒಂದಿಂಚು ಬಟ್ಟೆ ಬಿಡುತ್ತೇವೆ, ಮಡಚಿ, ಕಾಣದ ಹಾಗೆ,
ಮುಂದೆ ಬೇಕಾದೀತು ಎಂದು.
ಕಾಳು ಸಿಗದ ಯಾವುದೋ ವರ್ಷ
ಯಾವಳೋ ಮುತ್ತಜ್ಜಿಯ ಮೈಯೂ
ಹೀಗೇ ಬಿಟ್ಟಿತೇ ಒಳಗೆ ಒಂದಿಷ್ಟು?
ಇಂಚರಳನ್ನು ಕೇಳಿದೆ. "ಹಾಗಂತ ಒಂದು ವಾದ ಇದೆ ಸಾರ್,
ಒಪ್ಪದವರೂ ಬಹಳ ಜನ."
ಒಳ್ಳೆಯ ಹುಡುಗಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾಳೆ.

ಕೊನೆಯ ದಿನ ಪುಸ್ತಕ ಕೇಳಿದಳು,
ಅರವತ್ತು ವರ್ಷದ ಸೊಂಟಗಳು.
ಅಪ್ಪ ಹೇಳುತ್ತಿದ್ದ: ಅಳತೆ ಬರೆದುಕೋ, ಬಾಯಲ್ಲಿ ಕೂಗಬೇಡ.
ಕತ್ತರಿ ತೆಗೆದು ಹೆಸರಿದ್ದ ಅಂಚನ್ನೆಲ್ಲ ಕತ್ತರಿಸಿದೆ.
ಚೌಡಮ್ಮ, ಪಾರ್ವತಮ್ಮ ಚಿಂದಿಯ ಜೊತೆ ನೆಲಕ್ಕೆ ಬಿದ್ದರು,
ಅಂಕಿಗಳು ಅವಳ ಚೀಲಕ್ಕೆ.

ಸಂಜೆ ಸುಗುಣ ಬಂದಳು. ತನ್ನ ಮದುವೆಯ ಹಸಿರು ರವಿಕೆ,
ಗುಂಡಿ ಸೇರುತ್ತಿಲ್ಲ.
"ಮತ್ತೆ ದಪ್ಪ ಆದೆನಾ ಮಾವ?"
ಇಷ್ಟು ವರ್ಷ ಒಂದೇ ಉತ್ತರ:
ಬೋರ್‌ವೆಲ್ ನೀರು, ಬಟ್ಟೆ ಕುಗ್ಗಿದೆ.
ಇವತ್ತು ಅದು ಬಾಯಿಗೆ ಬರಲಿಲ್ಲ.
ರವಿಕೆ ತಿರುವಿ ಒಳಮೈ ತೋರಿಸಿದೆ.
"ಇಲ್ಲಿದೆ ನೋಡು. ನೀನು ಮಾಡಿದ್ದಲ್ಲ, ಮೊದಲೇ ಬಿಟ್ಟದ್ದು."

ದಾರ ಬಿಚ್ಚಿದೆ. ಅವಳು ಬೆರಳಾಡಿಸಿದಳು.
ಬಿಸಿಲು ಕಾಣದ ಆ ಪಟ್ಟಿ
ಇನ್ನೂ ಹೊಸ ಹಸಿರು.