ಮೂರನೆಯ ಮಹಡಿಗೆ

ಎದೆಯಿಂದ ನಾಲ್ಕು ಬೆರಳು ಕೆಳಗೆ ನನ್ನ ಗಡಿ.
ಆಚೆಗಿರುವುದೂ ನನ್ನದೇ, ಪಹಣಿಯಲ್ಲಿ ಹೆಸರಿದೆ,
ಕಾಲಿಡಲು ಆಗುವುದಿಲ್ಲ, ಅಷ್ಟೆ.

ಬೆಳಗೊಳದ ಹತ್ತಿರ ಹನ್ನೊಂದು ಕೆ.ವಿ. ಕಂಬ.
ಲೈನ್ ಕ್ಲಿಯರ್ ಅಂದರು. ಹತ್ತಿದೆ.
ಬಿದ್ದದ್ದು ಕಬ್ಬಿನ ಗದ್ದೆಯ ಬದುವಿನ ಕಲ್ಲಿಗೆ.
ಗದ್ದೆಯೊಳಕ್ಕೆ ಬಿದ್ದಿದ್ದರೆ, ಅನ್ನುತ್ತಾಳೆ ನಾಗಮಣಿ, ಇವತ್ತಿಗೂ.

ಜಯಲಕ್ಷ್ಮೀಪುರದ ಡಾಕ್ಟರು ಹಾಳೆಯಲ್ಲಿ ಗೆರೆ ಎಳೆದರು:
ಮೇಲಿನಿಂದ ಸಪ್ಲೈ ಇಲ್ಲ,
ಸೊಂಟದ ಹತ್ತಿರ ಒಂದು ಸುತ್ತು ಇನ್ನೂ ಜೀವಂತ,
ತಲೆಯನ್ನು ಕೇಳದೆ ತಾನೇ ಕೆಲಸ ಮಾಡುತ್ತದೆ.
ನನಗೆ ಬಿಡಿಸಿ ಹೇಳಬೇಕಿರಲಿಲ್ಲ.
ಬ್ಯಾಕ್‌ಫೀಡ್ ಅಂತೀವಿ ನಾವು,
ಸತ್ತ ತಂತಿಯಲ್ಲಿ ಹಿಂದಿನಿಂದ ಬರುವ ಕರೆಂಟು.
ನನ್ನನ್ನು ಕೆಡವಿದ್ದೂ ಅದೇ.

ಪರದೆ ಎಳೆದರು. ಸಿಸ್ಟರ್ ಫಿಲೋಮಿನ
ನಾಲಿಗೆಯಡಿ ಮಾತ್ರೆ ಇಟ್ಟು ಬಿ.ಪಿ. ಪಟ್ಟಿ ಸುತ್ತಿದರು:
ತಲೆ ಸಿಡಿದರೆ ಹೇಳಿ, ತಡ್ಕೋಬೇಡಿ.
ಕಟಿಂಗ್ ಶಾಪಿನ ಮಿಷನ್ನಿನಂತೆ ಗುಂಯ್ ಅಂದಿತು ಏನೋ.
ನಾನು ಫ್ಯಾನು ನೋಡುತ್ತಿದ್ದೆ. ಕೆಪಾಸಿಟರ್ ಹೋಗಿತ್ತು.
ಕಾಲು ಅದುರಿದ್ದನ್ನು ನಾಗಮಣಿ ಹೇಳಿದಳು.
ಹೊಟ್ಟೆ ಬಿಗಿದದ್ದನ್ನೂ ಅವಳೇ.
ಕಿವಿಯ ಹಿಂದೆ ಬೆವರು, ಕತ್ತಿನಲ್ಲಿ ಧಗ್ಗನೆ ಬಿಸಿ,
ಅಷ್ಟು ನನ್ನ ಪಾಲಿಗೆ.
ಬಂತಾ?
ಬಂತು ಕಣ್ರೀ, ಅಂದಳು,
ನಾಲೆಗೆ ನೀರು ಬಂತು ಅನ್ನುವ ಹಾಗಲ್ಲ,
ಬಸ್ಸು ಬಂತು ಅನ್ನುವ ಹಾಗೆ.
ಆಮೇಲೆ ಗೋಡೆಗೆ ತಿರುಗಿ ಮೂಗೊರೆಸಿಕೊಂಡಳು.

ಲ್ಯಾಬು ಮೂರನೆಯ ಮಹಡಿ. ತಣ್ಣಗಾಗಬಾರದು.
ಮುಚ್ಚಳ ಬಿಗಿದ ಪುಟ್ಟ ಡಬ್ಬಿಯನ್ನು
ರವಿಕೆಯೊಳಗಿಟ್ಟು ಸೆರಗು ಹೊದ್ದಳು.
ಲಿಫ್ಟಿನ ಬಾಗಿಲಲ್ಲಿ ಕರೆಂಟು ಹೋಯಿತು.

ಹತ್ತಿದಳು.
ನಾನು ಕೆಳಗೆ, ಗಾಲಿಕುರ್ಚಿಯಲ್ಲಿ,
ಅವಳ ಚಪ್ಪಲಿಯ ಸದ್ದು ಎಣಿಸುತ್ತಾ.
ಎರಡನೆಯ ತಿರುವಿನ ತನಕ ಕೇಳಿಸಿತು.

ಹೋದ ಸಲ ನೂರಕ್ಕೆ ಆರು ಅಲ್ಲಾಡುತ್ತಿದ್ದವಂತೆ.
ಸಾಕು, ಒಂದಿದ್ದರೂ ಸೂಜಿಯಲ್ಲಿ ಹಿಡಿಯುತ್ತೇವೆ ಅಂದಿದ್ದರು.
ಹಿಡಿದರು. ನಿಲ್ಲಲಿಲ್ಲ.
ಪರಿಹಾರದ ದುಡ್ಡು ಹೀಗೆ ಸುರಿಯೋದಾ ಅಂತ ಅವಳ ಅಣ್ಣ.
ಅವಳು ಅವನಿಗೆ ಕಾಫಿ ಕೊಟ್ಟಳು, ಉತ್ತರ ಕೊಡಲಿಲ್ಲ.

ಹಿತ್ತಲಲ್ಲಿ ಯಾರೋ ಜನರೇಟರಿನ ಹಗ್ಗ ಎಳೆಯುತ್ತಿದ್ದಾರೆ,
ಕೆಮ್ಮುತ್ತದೆ, ಹತ್ತಿಕೊಳ್ಳುವುದಿಲ್ಲ, ಮತ್ತೆ ಎಳೆಯುತ್ತಾರೆ.
ಮೇನ್ ಆಫ್ ಮಾಡಿದ್ದೀರಾ ಎಂದು ಕೂಗಿದೆ.
ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು.
ಮೊದಲು ಮೇನ್ ಆಫ್ ಮಾಡ್ರಪ್ಪಾ,
ಕಂಬದ ಮೇಲೆ ಯಾರಾದರೂ ಇದ್ದಾರು.