ಬೊಂತೆ ಬಿಚ್ಚಿದ ಮಧ್ಯಾಹ್ನ

ನಮ್ಮದು ಶಿಡ್ಲಘಟ್ಟ. ಬೀದಿ ತುಂಬ ರೇಷ್ಮೆ.
ಬೆಳಗಾದರೆ ಗೂಡಿನ ಮಾರುಕಟ್ಟೆಯ ಗದ್ದಲ,
ಮನೆ ಹಿಂದೆ ಬೇಸಿನ್ನಿನ ಬುಸುಬುಸು ಹಬೆ.
ಹೆರಿಗೆಗೆ ಹದಿನೈದು ದಿನ ಮುಂಚಿನವರೆಗೂ
ಈ ಬೆರಳು ಹಿಡಿದದ್ದು ಎಳೆಯನ್ನೇ.

ಆದರೇನು, ರೇಷ್ಮೆ ಉಚ್ಚೆಗಾಗುವುದಿಲ್ಲ.

ಮೊದಲ ತಿಂಗಳು ಅಂಗಡಿಯ ಪ್ಯಾಕೆಟ್ಟೇ.
ಆಂಜಿ ತರುತ್ತಿದ್ದ, ಎಣಿಸಿ ಇಡುತ್ತಿದ್ದ,
ರಾತ್ರಿಗೆ ಒಂದು, ಪೇಟೆಗೆ ಹೊರಟರೆ ಒಂದು.
ಆಮೇಲೆ ಎಣಿಕೆ ತಪ್ಪಿತು.
ಏಪ್ರಿಲ್ ಬಿಸಿಲಿಗೆ ಮಗಳ ತೊಡೆಸಂದು
ಮಂಡಿಯ ಟೊಮೇಟೊ.
ಕಸದ ಗಾಡಿಯ ಹುಡುಗ ಚೀಲ ಎತ್ತಿ ತೂಗಿ
'ಅಕ್ಕಾ, ಕಲ್ಲು ತುಂಬಿದ್ದೀರಾ?' ಅಂದ.

ನಾದಿನಿ ಕಳಿಸಿದಳು, ಆನೆಮರಿ ಅಚ್ಚಿನ
ಗುಂಡಿಯ ಬಟ್ಟೆ ಡೈಪರ್, ಒಳಗೆ ದಪ್ಪ ಪದರ.
ಚೆಂದವೇ. ಕೂಸಿನ ಜೊತೆ ಬೆಳೆಯುತ್ತದಂತೆ,
ಗುಂಡಿಯ ಸಾಲು ಬದಲಿಸಿದರೆ ಸಾಕಂತೆ.
ಎರಡೇ ಎರಡು. ಒಂದು ಒಣಗುವಷ್ಟರಲ್ಲಿ
ಇನ್ನೊಂದು ಒದ್ದೆ.
ಸೂಜಿ ಹಾಕಿಸುವ ದಿನಕ್ಕೆ ಎತ್ತಿಟ್ಟೆ,
ಬಸ್ಸಿನಲ್ಲಿ ಪಕ್ಕದವರ ಸೀರೆಯ ಮಾನಕ್ಕೆ.

'ಹಳೇ ಹತ್ತಿ ಬೇಕು ಕಣೇ, ನೂರು ಸಲ ಒಗೆದದ್ದು,'
ಅಂದಳು ಅಮ್ಮ. ಹುಡುಕಿದೆವು.
ಬೀರು ತೆಗೆದರೆ ಜಾರಿ ಬಿದ್ದದ್ದೆಲ್ಲ
ಹೂಹೂವಿನ ಪಾಲಿಯೆಸ್ಟರು, ನೀರು ಹೊಯ್ದರೆ
ಗೋಲಿಯಾಗಿ ಉರುಳಿಸಿ ಬಿಡುವಂಥವು.
ಆಂಜಿಯ ಪಂಚೆಯೂ ಹೆಸರಿಗಷ್ಟೇ ಹತ್ತಿ.
ಎದುರುಮನೆ ಮುಬೀನಾ ತನ್ನ ಮಾವನ
ಎರಡು ಬಿಳಿ ಲುಂಗಿ ಸೆರಗಲ್ಲಿ ತಂದಳು,
'ಅವರಿಗೆ ಹೇಳಬೇಡ' ಅಂತ.
ಎರಡು ಲುಂಗಿಗೆ ಹನ್ನೆರಡು ಚೌಕ.
ದಿನಕ್ಕೆ ಬೇಕಾದದ್ದು ಇಪ್ಪತ್ತು.

ಆಗ ಅಮ್ಮ ತನ್ನ ಮನೆಗೆ ಹೋಗಿ
ಬೊಂತೆ ಹೊತ್ತು ತಂದಳು, ಎರಡು ಬೀದಿ ದಾಟಿ,
ತಲೆ ಮೇಲೆ. ಅವಳ ಅತ್ತೆ ಹೊಲಿದದ್ದು.
ಅರ್ಧ ಬ್ಲೇಡು ಅವಳಿಗೆ, ಅರ್ಧ ನನಗೆ,
ಇರುವೆಸಾಲಿನಂಥ ದಾರ, ಗೇಣಿಗೊಂದು ಸೀನು.
ಮೇಲೆ ಚೀಟಿಬಟ್ಟೆ, ಒಳಗೆ ಮಗ್ಗದ ಸೀರೆ,
ಅದರೊಳಗೆ ಪಂಚೆ, ಪಂಚೆಯೊಳಗೆ ಇನ್ನೊಂದು ಸೀರೆ.
ಸತ್ತವರೆಲ್ಲ ಒಬ್ಬರ ಮೇಲೊಬ್ಬರು
ತೆಳ್ಳಗೆ ಮಲಗಿದ್ದರು, ಮೆತ್ತಗೆ.
ನಡುಪದರದಲ್ಲಿ ಒಂದು ತುಂಡು, ಮೂರು ಮೂಲೆ,
ಲಾಡಿ ಇನ್ನೂ ಇತ್ತು.
'ನಂದಾ?' ಅಂದೆ.
'ಅಲ್ಲ.'
'ಅಣ್ಣಂದಾ?'
ಅಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ
ರವಿಕೆಯೊಳಗೆ ಇಟ್ಟುಕೊಂಡಳು.
'ಕತ್ತರಿ ಕೊಡು' ಅಂದಳು.

ಈಗ ಇಪ್ಪತ್ತೇಳು ಚೌಕ. ನಮ್ಮ ಬೋರಿನ ನೀರಿಗೆ
ಸೋಪು ನೊರೆ ಕಟ್ಟುವುದಿಲ್ಲ, ಒಣಗಿದ ಬಟ್ಟೆ
ಹಪ್ಪಳ. ಎರಡು ಅಂಗೈ ನಡುವೆ ಉಜ್ಜಿ ಉಜ್ಜಿ
ಹದ ಮಾಡಬೇಕು, ಕೆನ್ನೆಗಿಟ್ಟು ನೋಡಬೇಕು.
ಬೇಸಿನ್ನಿನ ಬಿಸಿನೀರು ಪುಕ್ಕಟೆ, ಆದರೂ ಬೇಡ,
ಹುಳದ ವಾಸನೆ. ಹೇಲಿನ ಬಟ್ಟೆಗೆ ಬೇರೆ ಬಕೆಟ್ಟು.
ಆಂಜಿ ಮೊದಲ ದಿನ ಮೂಗು ಮುಚ್ಚಿದ್ದ,
ಈಗ ಹಳದಿ ನೋಡಿ 'ಹೊಟ್ಟೆ ಸರಿಯಿದೆ' ಅನ್ನುತ್ತಾನೆ,
ಗೂಡು ಅಲುಗಿಸಿ ರೇಟು ಹೇಳುವವನ ಗತ್ತಿನಲ್ಲಿ.

ಕಟ್ಟುವುದು ಹೀಗೆ: ಚೌಕ ಮಡಿಸಿ ಮೂರು ಮೂಲೆ,
ಬಾಲ ಕಾಲುಗಳ ನಡುವೆ, ಗಂಟು ಹೊಕ್ಕುಳ ಕೆಳಗೆ,
ಗಂಟಿಗೂ ಹೊಟ್ಟೆಗೂ ಮಧ್ಯೆ ಒಂದು ಬೆರಳಿನ ಜಾಗ,
ಉಸಿರಿಗೆ.

ತಾರಸಿಯ ತಂತಿ ತುಂಬ ಮುತ್ತಜ್ಜಿಯ ಸೀರೆ,
ತಾತನ ಪಂಚೆ, ನಡುನಡುವೆ ಬೆಳ್ಳಗೆ ಲುಂಗಿ.
ಮುಬೀನಾಳ ಮಾವ ಬಾಗಿಲಲ್ಲಿ ನಿಂತು ನೋಡುತ್ತಾರೆ,
ಏನೂ ಅನ್ನುವುದಿಲ್ಲ.
ನಿನ್ನೆ ಮಗಳನ್ನು ಎತ್ತಿಕೊಂಡರು. ನಾನು
ಬಟ್ಟೆ ತರಲು ಒಳಗೆ ಹೋಗಿದ್ದೆ ಅಷ್ಟೇ,
ಹೊಸ ಲುಂಗಿ ಮೇಲೆ ಬೆಚ್ಚಗೆ ಒಂದು ನಕ್ಷೆ.
ಬಗ್ಗಿ ನೋಡಿಕೊಂಡು ಅಂದರು,
'ಒಗೆದು ಒಗೆದು ಮೆತ್ತಗಾಗಲಿ ತಾಳು,
ಇದನ್ನೂ ಕೊಡ್ತೀನಿ.'