ಗುಪ್ತೋಷ್ಣ

ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿ ಅದಕ್ಕೆ ಒಂದೂವರೆ ಪುಟ.
ಬೀಕರಿನ ಚಿತ್ರ, ಕೆಳಗೆ ಬರ್ನರು,
ಐಸಿನ ನಡುವೆ ನೆಟ್ಟ ಥರ್ಮಾಮೀಟರು.
ಉರಿ ಹಚ್ಚಿ, ಐಸು ಮುಗಿಯುವ ತನಕ
ಪಾದರಸ ಸೊನ್ನೆ ಬಿಟ್ಟು ಏಳುವುದಿಲ್ಲ ಎಂದು
ಹನ್ನೊಂದು ವರ್ಷ ಹೇಳಿದ್ದೇನೆ,
ಬೋರ್ಡಿನ ಮೇಲೆ ಚಪ್ಪಟೆ ಗೆರೆಯೊಂದನ್ನು ಎಳೆದು.

"ಹಾಗಾದರೆ ಕೊಟ್ಟ ಬಿಸಿ ಎಲ್ಲಿಗೆ ಹೋಯ್ತು ಟೀಚರ್?"
ಹಿಂದಿನ ಬೆಂಚಿನ ನಿಶ್ಮಿತಾ ಪುತ್ರನ್.
"ಒಳಗೇ ಅಡಗಿತು" ಅಂದೆ.
ಅವಳು ಬರೆದುಕೊಂಡಳು. ನಂಬಲಿಲ್ಲ.

ಶನಿವಾರ ಬೆಳಗಿನ ನಾಲ್ಕೂವರೆಗೆ
ಅವಳೇ ನನ್ನನ್ನು ದಕ್ಕೆಗೆ ಕರೆದೊಯ್ದಳು.
ಮೀನಿನ ಲಾರಿಗಳ ಹಿಂದೆ, ಪಾಚಿ ಹಿಡಿದ ಗೋಡೆಯ ಐಸ್ ಪ್ಲಾಂಟು,
ಮೂಗಿಗೆ ಸೂಜಿ ಚುಚ್ಚಿದಂತೆ ಅಮೋನಿಯ.
ಸೊನ್ನೆಗಿಂತ ಎಷ್ಟೋ ಕೆಳಗಿಳಿದೂ
ಹೆಪ್ಪುಗಟ್ಟಲು ಒಪ್ಪದ ಉಪ್ಪುನೀರಿನ ತೊಟ್ಟಿ,
ಅದರಲ್ಲಿ ಕುತ್ತಿಗೆವರೆಗೆ ಮುಳುಗಿ ನಿಂತ ತಗಡಿನ ಡಬ್ಬಗಳು.

ಆಪರೇಟರ್ ಇದ್ದಿನಬ್ಬ ಲುಂಗಿ ಎತ್ತಿ ಕಟ್ಟಿ ಹೇಳಿದ:
"ತಂಪು ಅಂತ ಒಂದು ಸಾಮಾನೇ ಇಲ್ಲ ಟೀಚರ್.
ನಾವು ಮಾಡುವುದು ಬಿಸಿಯನ್ನು ಹೊರಗೆ ಹಾಕುವ ಕೆಲಸ,
ದೋಣಿಯೊಳಗಿನ ನೀರು ಮೊಗೆದು ಚೆಲ್ಲಿದ ಹಾಗೆ."
ಮಹಡಿಗೆ ಹತ್ತಿಸಿದ. ಅಲ್ಲಿ ಸಾಲು ಕೊಳವೆಗಳು,
ಮೇಲಿಂದ ಜಿನುಗುವ ನೀರು, ಆವಿ.
ಮುಟ್ಟಿದೆ. ಸುಟ್ಟಿತು.
ತುಂಬೆಯ ಅಣೆಕಟ್ಟಿನಲ್ಲಿ ಹಗಲಿಡೀ ಕೂತ ಬಿಸಿಲು
ಇಲ್ಲಿ ಕತ್ತಲಲ್ಲಿ ಆಕಾಶಕ್ಕೆ ಮರಳುತ್ತಿತ್ತು.

ಕೆಳಗೆ ಡಬ್ಬ ಬೋರಲು ಹಾಕಿದರು.
ಜಾರಿ ಬಂತು ದಿಮ್ಮಿ: ಅಂಚು ಗಾಜು, ನಡು ಬಿಳಿ.
ಹರಳು ಕಟ್ಟುವಾಗ ನೀರಿಗೆ ನೀರೇ ಬೇಕು;
ಗಾಳಿಯನ್ನು, ಉಪ್ಪಿನ ಕಣವನ್ನು
ನಾಲ್ಕೂ ಕಡೆಯಿಂದ ಒಳಗೊಳಗೆ ದೂಡುತ್ತ ಬರುತ್ತದೆ.
ಕೊನೆಗೆ ಹೋಗಲು ಜಾಗವಿಲ್ಲದೆ ಅವು
ನಡುವಿನಲ್ಲೇ ಸಿಕ್ಕಿಬಿದ್ದು ಬೆಳ್ಳಗಾಗುತ್ತವೆ.
ಇದು ಪುಸ್ತಕದಲ್ಲಿ ಇಲ್ಲ.

ಹೊರಗೆ ನಿಶ್ಮಿತಾಳ ಅಮ್ಮ ವಾರಿಜಕ್ಕ
ಯಾರೋ ಹೊಸ ಹುಡುಗ ಶೀತಪೆಟ್ಟಿಗೆಯಿಂದ ತಂದ
ಕಲ್ಲಿನಂಥ ಒಣ ಐಸನ್ನು ಹಿಂದಕ್ಕೆ ತಳ್ಳುತ್ತಿದ್ದಳು.
"ಇದು ಮೀನಿನ ಮೇಲೆ ಕೂತು ಚಂದ ಕಾಣ್ತದೆ, ಅಷ್ಟೆ.
ನೀರು ಇಳಿಯುತ್ತಾ ಇರಬೇಕು ಮಾರಾಯ.
ಇಳಿದರೆ ಕೆಲಸ ಮಾಡ್ತಾ ಉಂಟು ಅಂತ ಲೆಕ್ಕ.
ಕರಗದ್ದಕ್ಕೆ ನಾನು ಯಾಕೆ ದುಡ್ಡು ಕೊಡುವುದು?"

ನಾನು ದಿಮ್ಮಿಯ ಹಾಗೆ ನಿಂತೆ.
ಒಂದು ಹಿಡಿ ಐಸು ಬರೇ ನೀರಾಗಲು ನುಂಗುವ ಬಿಸಿ
ಅದೇ ನೀರನ್ನು ಸೊನ್ನೆಯಿಂದ ಎಂಬತ್ತು ಡಿಗ್ರಿಗೆ ಕಾಯಿಸೀತು.
ಕಣಗಳು ಕೈಕೈ ಹಿಡಿದು ನಿಂತಿರುತ್ತವೆ;
ಬಂದ ಬಿಸಿ ಯಾರನ್ನೂ ಓಡಿಸುವುದಿಲ್ಲ,
ಹಿಡಿದ ಕೈ ಬಿಡಿಸುವುದಕ್ಕೇ ಪೂರಾ ಖರ್ಚು.
ಈ ಲೆಕ್ಕ ನನಗೆ ಬಾಯಿಪಾಠ.
ಅದು ಬಂಗುಡೆಯ ಹೊಟ್ಟೆಯಿಂದ ಬಿಸಿ ಎಳೆಯುವುದನ್ನು
ನೋಡಿದ್ದು ಅಂದೇ ಮೊದಲು.

ಒಂದು ಪದರ ಐಸು, ಒಂದು ಪದರ ಬಂಗುಡೆ,
ಮತ್ತೆ ಐಸು. ಬುಟ್ಟಿಯ ತಳಕ್ಕೊಂದು ತೂತು.
ಹತ್ತೂವರೆಗೆ ಸ್ಟೇಟ್ ಬ್ಯಾಂಕಿನ ಬಿಸಿಲಿನಲ್ಲಿ
ಬಸ್ಸುಗಳ ಹೊಗೆ, ಕಂಡಕ್ಟರರ ಕೂಗಿನ ನಡುವೆ
ನಿಶ್ಮಿತಾ ಬುಟ್ಟಿಯೊಳಗೆ ಥರ್ಮಾಮೀಟರು ಚುಚ್ಚಿದಳು.
ತೂತಿನಿಂದ ಟಪ್, ಟಪ್.
"ಸೊನ್ನೆ" ಅಂದಳು. ಇನ್ನೊಮ್ಮೆ ಬಗ್ಗಿ ನೋಡಿ, "ಸೊನ್ನೆಯೇ."
ಈ ಸಲ ನಂಬಿದಳು.
ವಾರಿಜಕ್ಕ ನನ್ನ ಕಡೆ ತಿರುಗಿ,
"ಪರೀಕ್ಷೆ ಪುಕ್ಕಟೆ ಅಲ್ಲ ಟೀಚರ್, ಒಂದು ಪಾಲು ತಕೊಳ್ಳಿ."
ಎಂಟು ಬಂಗುಡೆ, ಇನ್ನೂರು ರೂಪಾಯಿ. ಚೌಕಾಸಿ ಮಾಡಲಿಲ್ಲ.

ಸೋಮವಾರ ಬೋರ್ಡಿನ ಮೇಲೆ ಅದೇ ಗೆರೆ.
ಆದರೆ ಬೀಕರಿನ ಬದಲು ಬುಟ್ಟಿ ಬರೆದೆ.
ಮೀನು ಬರೆದೆ, ಐಸಿನ ಚೂರುಗಳನ್ನು,
ಬಾಣದ ಗುರುತುಗಳನ್ನು ಮೀನಿನಿಂದ ಐಸಿನ ಕಡೆಗೆ.
ಕೈಯ ಚಾಕ್ ಪುಡಿ ಕೊಡವಿ ತಿರುಗಿದರೆ
ಹಿಂದಿನ ಬೆಂಚಿನಿಂದ:
"ಟೀಚರ್, ತೂತು ಬಿಟ್ಟಿರಿ."